ಚೂರಿಗೆ ಸಿಕ್ಕ ಮರಳು

ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು ಕೂತು ಆ ಕೋಣೆಯ ಕಂಬವೇ ಆಗಿಹೋಗಿದ್ದ ಹೆಂಗಸನ್ನು ಎಲ್ಲರೂ ಪದರಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸತ್ತ ದನ, ಕುರಿ, ಕುದುರೆ, ನಾಯಿಗಳ ಒಳಗಿನ ಅಂಗದಿಂದ ಉಗುರಿನಷ್ಟು ಚೂರು ತೆಗೆದು, ಅದನ್ನು ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಪದರ ಪದರವಾಗಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಮಲಗಿಸುವುದು ಅವಳ ಕೆಲಸ. ಆ ಗಾಜನ್ನು ಡಾಕ್ಟರಮ್ಮ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಪ್ರಾಣಿ ಯಾವುದರಿಂದ ಸತ್ತಿತು ಎಂದು ಬರೆಯುತ್ತಿದ್ದರು.

ಪದರಕ್ಕನ ಕೈ ಅಂಥಿಂಥದ್ದಲ್ಲ. ಬ್ಲೇಡಿನಿಂದ ಇಳಿದ ಮೇಣದ ಪಟ್ಟಿ ಬಿಸಿನೀರಿನ ಮೇಲೆ ತೇಲುವಾಗ ಪಕ್ಕದಲ್ಲಿ ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಸುಕ್ಕಾಗುತ್ತದೆ. ಅವಳು ತನ್ನ ಉಸಿರನ್ನೇ ಆ ಪಟ್ಟಿಯ ಅಳತೆಗೆ ಒಗ್ಗಿಸಿಕೊಂಡಿದ್ದಳು. ಅವಳ ಪದರದಲ್ಲಿ ಗೀರು ಇರುತ್ತಿರಲಿಲ್ಲ, ಮಡಿಕೆ ಇರುತ್ತಿರಲಿಲ್ಲ, ತೂತು ಇರುತ್ತಿರಲಿಲ್ಲ. ಬೇರೆ ಊರಿನ ಕಾಲೇಜಿನವರು ಪಾಠಕ್ಕೆಂದು ಅವಳ ಸ್ಲೈಡುಗಳನ್ನು ಕೇಳಿ ತರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಮಗಳು, "ಅಮ್ಮ ಈರುಳ್ಳಿ ಹೆಚ್ಚಿದ್ರೆ ಆ ಕಡೆ ಗೋಡೆ ಕಾಣುತ್ತೆ, ಬಾಣಲೆಗೆ ಹಾಕೋಕೆ ಏನೂ ಉಳಿಯಲ್ಲ" ಎಂದು ಗೇಲಿ ಮಾಡುತ್ತಿದ್ದಳು.

ಕತ್ತರಿಸಿ ಕೊಟ್ಟು ಸುಮ್ಮನಾಗುವ ಜಾತಿಯಲ್ಲ ಪದರಕ್ಕ. ನೋಡಬೇಕು. ಡಾಕ್ಟರಮ್ಮ ಊಟಕ್ಕೆ ಎದ್ದು ಹೋದಾಗ ಅವರ ಕುರ್ಚಿಯ ಅಂಚಿಗೆ ಕೂತು ನೋಡುತ್ತಿದ್ದಳು, ಆಮೇಲೆ ಕೇಳುತ್ತಿದ್ದಳು. ಹೀಗೆ ನೋಡಿ ಕೇಳಿಯೇ ಅವಳಿಗೆ ಒಂದು ಲೋಕ ತೆರೆದುಕೊಂಡಿತ್ತು. ಹಳದಿ ಹೂವಿನ ಒಂದು ಕಳೆಗಿಡ ತಿಂದು ಸತ್ತ ದನದ ಯಕೃತ್ತು ಒಮ್ಮೆ ಬಂದಿತ್ತು. ದನ ಗಿಡ ತಿಂದದ್ದು ಆರು ತಿಂಗಳ ಹಿಂದೆ, ಸತ್ತದ್ದು ಹಿಂದಿನ ವಾರ. ಗಿಡ ಒಣಗಿ ಮಣ್ಣಾಗಿತ್ತು, ಅದು ಬೆಳೆದ ಹೊಲವನ್ನು ಉತ್ತಾಗಿತ್ತು, ಆದರೆ ಯಕೃತ್ತು ಮರೆತಿರಲಿಲ್ಲ. ಒಂದು ಎರಡಾಗಬೇಕಾದ ಜೀವಕಣ ಎರಡಾಗಲಾರದೆ, ಸುಮ್ಮನಿರಲೂ ಆರದೆ, ಊದಿ ಊದಿ ಅಕ್ಕಪಕ್ಕದ ಹತ್ತು ಕಣಗಳಷ್ಟು ದೊಡ್ಡದಾಗಿ ಕೂತಿತ್ತು. ಇನ್ನೊಮ್ಮೆ ಬೇಲಿಯ ಪೊದೆ ಮೇಯ್ದ ಹಸುವೊಂದು ಬಂತು, ಅದರ ಮೈಮೇಲಿನ ಬಿಳಿ ಮಚ್ಚೆಗಳೆಲ್ಲ ಸುಟ್ಟುಹೋಗಿದ್ದವು. ಬೆಂಕಿಯೇನೂ ತಾಗಿರಲಿಲ್ಲ. ಎಲೆಯ ಹಸಿರು ಹೊಟ್ಟೆಯಲ್ಲಿ ಕರಗಿ ಉಳಿಯುವ ಒಂದು ಬಣ್ಣವನ್ನು ಯಕೃತ್ತು ದಿನವೂ ಸದ್ದಿಲ್ಲದೆ ಹೊರಗೆ ಹಾಕುತ್ತಿರುತ್ತದಂತೆ. ಯಕೃತ್ತು ಸೋತಿತೋ, ಆ ಬಣ್ಣ ಚರ್ಮಕ್ಕೆ ಬಂದು ನಿಲ್ಲುತ್ತದೆ, ಬಿಸಿಲು ಅದನ್ನು ಹಿಡಿದುಕೊಂಡು ಹಸುವನ್ನು ಸುಡುತ್ತದೆ. ಇದನ್ನು ಕೇಳಿದ ದಿನ ಪದರಕ್ಕ ಮನೆಗೆ ನಡೆದು ಹೋಗುವಾಗ ದಾರಿಬದಿಯ ಒಂದೊಂದು ಗಿಡಕ್ಕೂ ಸ್ವಲ್ಪ ಜಾಗ ಬಿಟ್ಟು ನಡೆದಿದ್ದಳು, ದೊಡ್ಡ ಮನುಷ್ಯರಿಗೆ ದಾರಿ ಬಿಡುವ ಹಾಗೆ.

ಒಂದು ಮಂಗಳವಾರ ಬೆಳಿಗ್ಗೆ ಎರಡು ಕುರಿಗಳ ಅಂಗಾಂಗಗಳು ದ್ರಾವಣ ತುಂಬಿದ ಜಾಡಿಗಳಲ್ಲಿ ಬಂದವು. ಜೊತೆಗೆ ಒಬ್ಬ ಹೆಂಗಸೂ ಬಂದಳು. ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸು, ಕೋಲಿನ ಹಾಗೆ ಸಣಕಲು ಮೈ, ಕೈಯ ಗೆಣ್ಣುಗಳ ಮೇಲೆಲ್ಲ ಮುಳ್ಳು ಗೀರಿದ ಹಳೆಯ ಗುರುತುಗಳು. ಜಾಡಿಗಳನ್ನು ಒಪ್ಪಿಸಿ, ಚೀಟಿಗೆ ಹೆಬ್ಬೆಟ್ಟೊತ್ತಿ, ವರಾಂಡದ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ.

"ಏನಮ್ಮಾ, ಇದು ಬಸ್ ನಿಲ್ದಾಣ ಅಲ್ಲ. ವರದಿ ಬರೋದು ಗುರುವಾರ" ಎಂದ ಗುಮಾಸ್ತ.

"ಗುರುವಾರದವರೆಗೆ ಕೂತಿರ್ತೀನಿ."

"ಬೆಂಚೇನು ನಿಮ್ಮ ಮಾವನ ಮನೇದಾ?"

"ನಿಮ್ಮ ಮಾವನ ಮನೇದಾದ್ರೆ ಹೇಳಿ, ಎದ್ದು ಹೋಗ್ತೀನಿ."

ಗುಮಾಸ್ತನ ಬಾಯಿ ಕಟ್ಟಿತು. ಒಳಗೆ ಕೈಗವಸು ಹಾಕಿಕೊಳ್ಳುತ್ತಿದ್ದ ಪದರಕ್ಕನಿಗೆ ನಗು ತಡೆಯಲಾಗಲಿಲ್ಲ. ಮಧ್ಯಾಹ್ನ ತನ್ನ ಊಟದ ಡಬ್ಬಿ ಹಿಡಿದುಕೊಂಡು ಅದೇ ಬೆಂಚಿಗೆ ಹೋಗಿ ಕೂತಳು. ಕುರಿಯವಳು ಮೊದಲು ಬೇಡ ಬೇಡ ಎಂದಳು, ಆಮೇಲೆ ಅರ್ಧ ತಿಂದಳು, ತಿನ್ನುತ್ತ ತಿನ್ನುತ್ತ ಹೇಳಿದಳು.

ಕುರಿ ಎಪ್ಪತ್ತು. ಅಣ್ಣತಮ್ಮಂದಿರದು ಒಟ್ಟು ಮಂದೆ. ತಮ್ಮ, ಅಂದರೆ ಇವಳ ಗಂಡ, ಲಾರಿ ಓಡಿಸುತ್ತ ತಿಂಗಳುಗಟ್ಟಲೆ ದೂರ. ಅಣ್ಣ, ಅಂದರೆ ಇವಳ ಬಾವ, ಮನೆಯ ಯಜಮಾನ. ಮಂದೆ ಕಾಯುವುದು ಇವಳು. ಮದುವೆಗೆ ಮುಂಚೆ ತವರಿನಲ್ಲೂ ಇದನ್ನೇ ಮಾಡಿದವಳು. "ನಂಗೆ ಬೇರೆ ಏನೂ ಬರಲ್ಲಕ್ಕಾ. ಅಡುಗೆ ಮಾಡಿದ್ರೆ ನಮ್ಮ ಓರಗಿತ್ತಿ ಮೂಗು ಮುರೀತಾಳೆ. ಬಟ್ಟೆ ಹೊಲಿಯೋಕೆ ಕೂತ್ರೆ ಬೆರಳಿಗೇ ಹೊಲಿಗೆ ಹಾಕ್ಕೊಳ್ತೀನಿ. ಕುರಿ ಮಾತ್ರ ನಾನು ಬಾ ಅಂದ್ರೆ ಬರ್ತವೆ."

ಭಾನುವಾರ ಸಂಜೆ ಉಣ್ಣೆ ಕತ್ತರಿಸುವವರು ಬಂದು ಹೋಗಿದ್ದರು. ಮರುದಿನ ಬೆಳಿಗ್ಗೆ ಮಂದೆಯನ್ನು ಹೊರಗೆ ಬಿಟ್ಟಳು. ಬಾವಿಯಿಂದ ನೀರು ಸೇದಿ ಬಕೆಟ್ಟಿನಲ್ಲಿ ತೊಟ್ಟಿಗೆ ಸುರಿದಳು. ಆಮೇಲೆ ಗುಡ್ಡದ ಇಳಿಜಾರಿಗೆ ಹೊಡೆದುಕೊಂಡು ಹೋದಳು. ಸೂರ್ಯ ನೆತ್ತಿ ದಾಟುವಷ್ಟರಲ್ಲಿ ಒಂದು ಕುರಿ ಕುಡಿದವನ ಹಾಗೆ ತೂರಾಡಿತು. ಆಮೇಲೆ ಇನ್ನೊಂದು. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ, ಹಿಂಗಾಲು ಮಡಿಸಿ ಕೂತದ್ದು ಏಳಲಿಲ್ಲ. ಸಂಜೆಯೊಳಗೆ ಮೂವತ್ತೊಂದು.

"ಬಕೆಟ್ಟು" ಎಂದು ಅವಳು ತಡೆದಳು. "ಹೋದ ವಾರ ಆ ಬಕೆಟ್ಟಲ್ಲಿ ತರಕಾರಿ ಗಿಡಕ್ಕೆ ಹುಳದೌಷಧಿ ಕಲಸಿದ್ರು. ನಾನು ತೊಳೆದಿದ್ದೆ. ಮೂರು ಸಲ ತೊಳೆದಿದ್ದೆ."

"ಮತ್ತೇನು ಹೆದರಿಕೆ?"

"ಎರಡು ಸಲ ಅಂತೂ ಖಂಡಿತ." ಕುರಿಯವಳು ತನ್ನ ಅಂಗೈ ನೋಡಿಕೊಂಡಳು. "ನೆನಪು ಮಾಡ್ಕೊಂಡಷ್ಟೂ ಕಡಿಮೆ ಆಗ್ತಾ ಹೋಗುತ್ತೆ. ತೊಳೆದೆನೋ ಇಲ್ವೋ ಅಂತಾನೇ ಅನ್ಸುತ್ತೆ ಈಗ."

"ಗುಡ್ಡದಲ್ಲಿ ಏನು ಮೇಯ್ದವು?"

"ಹುಳಿಕಳೆ. ಕೆಂಪು ದಂಟು, ದಪ್ಪ ಎಲೆ. ಅಗಿದ್ರೆ ಹುಳಿ ಹುಳಿ. ಆದ್ರೆ ಪಕ್ಕದ ಮನೆ ಕುರಿಗಳು ದಿನಾ ಅದನ್ನೇ ಮೇಯ್ತವೆ, ಗುಂಡುಕಲ್ಲಿನ ಹಾಗಿವೆ. ಬಾವ ಅದಕ್ಕೇ ನಕ್ಕುಬಿಟ್ರು. ಗಿಡದ ಮೇಲೆ ಯಾಕೆ ಹಾಕ್ತೀಯ, ಬಕೆಟ್ಟು ತೊಳೆಯೋ ಯೋಗ್ಯತೆ ಇಲ್ಲ ಅಂತ ಒಪ್ಪಿಕೋ ಅಂದ್ರು. ವರದಿಯಲ್ಲಿ ಗಿಡ ಅಂತ ಬಂದ್ರೆ ಸರಿ. ಇಲ್ಲಾಂದ್ರೆ ದೊಡ್ಡಿ ಬಾಗಿಲು ನಾನು ದಾಟಬಾರದಂತೆ. ಉಳಿದ ಮೂವತ್ತೊಂಬತ್ತು ಅವರ ಮಕ್ಕಳು ಕಾಯ್ತಾರಂತೆ." ಡಬ್ಬಿ ವಾಪಸು ಕೊಡುತ್ತ, "ಆ ಮಕ್ಕಳಿಗೆ ಕುರಿ ಯಾವುದು ಮೇಕೆ ಯಾವುದು ಗೊತ್ತಿಲ್ಲ" ಎಂದಳು.

ಊಟದ ಡಬ್ಬಿ ತೊಳೆದು ಪದರಕ್ಕ ಒಳಗೆ ಬಂದಳು. ಮೊದಲು ಯಕೃತ್ತು ಕತ್ತರಿಸಿದಳು. ಚೂರಿ ಸಲೀಸಾಗಿ ಇಳಿಯಿತು. ಆಮೇಲೆ ಮೂತ್ರಪಿಂಡವನ್ನು ಹಲಗೆಯ ಮೇಲಿಟ್ಟು ಉದ್ದಕ್ಕೆ ಸೀಳಿದಳು. ಕಿರ್ ಎಂದಿತು. ಚೂರಿ ನಿಲ್ಲಿಸಿದಳು, ಮತ್ತೆ ಎಳೆದಳು. ಮತ್ತೆ ಕಿರ್. ಕಲ್ಲು ಆರಿಸದ ಹಿಟ್ಟನ್ನು ಹಲ್ಲಿಗೆ ಹಾಕಿಕೊಂಡ ಹಾಗೆ, ಸಣ್ಣ ಸಣ್ಣ ಮರಳು ಚೂರಿಯ ಅಂಚಿಗೆ ತಾಗುತ್ತಿತ್ತು. ಎರಡನೆಯ ಕುರಿಯದೂ ಅಷ್ಟೆ.

ಇಂಥದ್ದು ಅವಳು ನೋಡಿಲ್ಲದ್ದೇನಲ್ಲ. ಮುದಿ ಪ್ರಾಣಿಗಳ ಅಂಗಗಳಲ್ಲಿ ಸುಣ್ಣ ಕಟ್ಟಿರುತ್ತದೆ, ಗಡ್ಡೆಗಳಲ್ಲಿ ಮೂಳೆಯ ಚೂರು ಸಿಗುತ್ತದೆ. ಹಾಗೇ ಮೇಣಕ್ಕೆ ಹಾಕಿದರೆ ಪದರ ಪೂರ್ತಿ ಗೀರು ಗೀರಾಗಿ ಹರಿಯುತ್ತದೆ, ಬ್ಲೇಡೂ ಹಾಳು. ಅದಕ್ಕೊಂದು ಉಪಾಯ ಅವಳ ಬಳಿ ಇತ್ತು. ಸುಣ್ಣ ಕರಗಿಸುವ ಆಮ್ಲದಲ್ಲಿ ಚೂರನ್ನು ಒಂದು ರಾತ್ರಿ ನೆನೆಹಾಕಿದರೆ ಗಟ್ಟಿಯಾದದ್ದೆಲ್ಲ ಕರಗಿ ಬೆಣ್ಣೆಯಾಗುತ್ತದೆ. ಬೇರೆಯವರಾದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಗೀರು ಬಿದ್ದರೆ ಬೀಳಲಿ ಎಂದು ಮುಂದೆ ಕಳಿಸುತ್ತಿದ್ದರು. ಪದರಕ್ಕನಿಗೆ ಆ ಬೆಂಚಿನ ಮೇಲೆ ಕೂತವಳ ಕೈಗಳು ಕಣ್ಣಿಗೆ ಕಟ್ಟಿದ್ದವು. ಈ ಹುಡುಗಿಯ ಕುರಿಗೆ ನನ್ನ ಅತ್ಯುತ್ತಮ ಪದರವೇ ಆಗಬೇಕು ಎಂದುಕೊಂಡು ಮೂತ್ರಪಿಂಡದ ನಾಲ್ಕೂ ಚೂರುಗಳನ್ನು ಆಮ್ಲದ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಿದಳು. ಹಾಗೆ ಮಾಡಿದೆ ಎಂದು ಪುಸ್ತಕದಲ್ಲಿ ಬರೆಯಲಿಲ್ಲ. ಅವಳು ಯಾವತ್ತೂ ಬರೆಯುತ್ತಿರಲಿಲ್ಲ. ಅಡುಗೆಗೆ ಉಪ್ಪು ಹಾಕಿದ್ದನ್ನು ಯಾರು ಬರೆದಿಡುತ್ತಾರೆ?

ಗುರುವಾರ ಬೆಳಿಗ್ಗೆ ಪದರಗಳು ಇಳಿದವು ನೋಡಿ, ರೇಷ್ಮೆ! ಒಂದು ಗೀರಿಲ್ಲ. ನೀರಿನ ಮೇಲೆ ಹರಡಿಕೊಂಡಾಗ ಅವಳೇ ಒಂದು ಕ್ಷಣ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು. ಬಣ್ಣ ಹಾಕಿ, ಒಣಗಿಸಿ, ಟ್ರೇಯಲ್ಲಿಟ್ಟು ಒಯ್ದು ಕೊಟ್ಟಳು.

ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ಅವರು ವಯಸ್ಸಿನಲ್ಲಿ ಪದರಕ್ಕನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರು ಅಷ್ಟೆ. ಯೋಚಿಸುವಾಗ ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ಆವತ್ತು ಮುಚ್ಚಳ ಚಪ್ಪಟೆಯಾಗಿತ್ತು.

"ಲಿವರ್ ಏನೂ ಬಾಯಿ ಬಿಡ್ತಿಲ್ಲ ಅಕ್ಕ. ಸ್ವಲ್ಪ ರಕ್ತ ಕಟ್ಟಿದೆ ಬಿಟ್ರೆ ಚೆನ್ನಾಗೇ ಇದೆ. ಕಿಡ್ನಿ ಮಾತ್ರ ವಿಚಿತ್ರ. ನಾಳಗಳೆಲ್ಲ ಹಿಗ್ಗಿವೆ, ಗೋಡೆಯ ಕಣಗಳು ಸತ್ತಿವೆ. ಆದ್ರೆ ಒಳಗೆ ಏನೂ ಇಲ್ಲ. ಖಾಲಿ."

"ಖಾಲಿ ಅಂದ್ರೆ?"

"ಖಾಲಿ ಮನೆ ಹಾಗೆ. ಯಾರೋ ಇದ್ದು, ಸಾಮಾನು ಸಮೇತ ಹೋಗಿದ್ದಾರೆ ಅನ್ನೋ ಹಾಗೆ." ಅವರು ಕಣ್ಣುಜ್ಜಿಕೊಂಡರು. "ಹೊಟ್ಟೇಲಿ ಹುಳಿಕಳೆ ಸಿಕ್ಕಿದೆ ಅಂತ ಕುರಿ ಕುಯ್ದು ನೋಡಿದ ಅವರೂರಿನ ಡಾಕ್ಟರು ಬರೆದಿದ್ದಾರೆ. ಆದ್ರೆ ಹೊಟ್ಟೇಲಿ ಇದ್ದದ್ದೇ ಕೊಂದಿತು ಅಂತ ಹೇಳೋಕಾಗಲ್ಲ. ಕಿಡ್ನಿ ಹೇಳಬೇಕಿತ್ತು. ಹುಳದೌಷಧಿ ಪರೀಕ್ಷೆ ನಮ್ಮಲ್ಲಿ ಮಾಡಲ್ಲ. ಕಾರಣ ತಿಳಿದುಬಂದಿಲ್ಲ ಅಂತ ಬರೀತೀನಿ, ಇನ್ನೇನು ಮಾಡೋದು? ಕತ್ತರಿಸುವಾಗ ಏನೂ ತೊಂದರೆ ಆಗಲಿಲ್ವಲ್ಲ?"

"ಬೆಣ್ಣೆ" ಎಂದಳು ಪದರಕ್ಕ. ಅಭಿಮಾನ ಅವಳ ಬಾಯಿಗೆ ಮೊದಲು ಬಂತು. ಸುಳ್ಳೇನಲ್ಲ, ಯಂತ್ರದಲ್ಲಿ ಬೆಣ್ಣೆಯ ಹಾಗೇ ಇಳಿದಿತ್ತು.

ವರಾಂಡಕ್ಕೆ ಬಂದಾಗ ಕುರಿಯವಳು ಎದ್ದು ನಿಂತಳು. ಅವಳ ಬಾವ ಮೂರು ಗಂಟೆಗೆ ಬರುತ್ತೇನೆಂದು ಗುಮಾಸ್ತನಿಗೆ ಫೋನು ಮಾಡಿದ್ದನಂತೆ. ಕಾರಣ ತಿಳಿದುಬಂದಿಲ್ಲ ಎಂಬ ಸಾಲನ್ನು ಆ ಮನುಷ್ಯ ಹೇಗೆ ಓದುತ್ತಾನೆ ಎಂದು ಊಹಿಸಲು ಪದರಕ್ಕನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಕೆಟ್ಟು ಎಂದು ಓದುತ್ತಾನೆ.

"ಅಕ್ಕಾ" ಎಂದಳು ಕುರಿಯವಳು, ಮೆಲ್ಲಗೆ. "ಡಾಕ್ಟರಮ್ಮ ಕಣ್ಣಲ್ಲಿ ನೋಡ್ತಾರೆ. ನೀವು ಮುಟ್ಟಿದೋರು. ನಾನೂ ಕುರೀನ ಮುಟ್ಟೇ ತಿಳ್ಕೊಳ್ಳೋದು, ಜ್ವರ ಇದ್ಯಾ, ಹೊಟ್ಟೆ ಉಬ್ಬಿದ್ಯಾ ಅಂತ. ನಿಮ್ಮ ಕೈಗೆ ಏನಾದ್ರೂ ಸಿಕ್ತಾ?"

  ಪದರಕ್ಕನ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ಮಡಿಸಿಕೊಂಡವು, ಚೂರಿ ಹಿಡಿದ ಹಾಗೆ. ಕಿರ್. ಸಿಕ್ಕಿತ್ತು. ಅವಳ ಕೈಗೆ ಸಿಕ್ಕಿತ್ತು. ಖಾಲಿ ಮನೆಯ ಸಾಮಾನು ಹೊರಗೆ ಸಾಗಿಸಿದವಳು ಅವಳೇ.

ಅವಳು ವರಾಂಡದಿಂದ ಡಾಕ್ಟರಮ್ಮನ ಬಾಗಿಲಿನವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಆಮ್ಲದ ವಿಷಯ ಪುಸ್ತಕದಲ್ಲಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಬಟ್ಟಲು ತೊಳೆದು ಕವುಚಿ ಹಾಕಿಯಾಗಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಪದರಕ್ಕನ ಕೆಲಸದಲ್ಲಿ ತಪ್ಪು ಎಂದು ಯಾರೂ ಬಾಯಿ ತೆರೆದಿರಲಿಲ್ಲ. ಇದು ಗೀರಿನಿಂದಾದ ತಪ್ಪಲ್ಲ, ಗೀರಿರಬಾರದೆಂದು ಮಾಡಿದ ತಪ್ಪು, ಅದು ಹೇಳಿಕೊಳ್ಳಲು ಇನ್ನೂ ಕಷ್ಟ. ಇವೆಲ್ಲ ತಲೆಯಲ್ಲಿ ಸುತ್ತುತ್ತಿದ್ದಾಗಲೇ ಅವಳ ಕೈ ಬಾಗಿಲು ತಟ್ಟಿತ್ತು.

ಡಾಕ್ಟರಮ್ಮ ಸಹಿ ಮಾಡಲು ಪೆನ್ನು ತೆರೆದಿದ್ದರು.

"ತಡೀರಿ ಡಾಕ್ಟರಮ್ಮ. ಹಲಗೆ ಮೇಲೆ ಕತ್ತರಿಸುವಾಗ ಮರಳು ಸಿಕ್ಕಿತ್ತು. ಎರಡು ಕುರಿಯದರಲ್ಲೂ. ನಾನು ಸುಣ್ಣ ಅಂದ್ಕೊಂಡು ಆಮ್ಲದಲ್ಲಿ ನೆನೆಹಾಕಿದೆ. ಪದರ ಚೆಂದ ಬರಲಿ ಅಂತ."

ಡಾಕ್ಟರಮ್ಮ ಪೆನ್ನು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು ಅವಳನ್ನು ನೋಡಿದರು. ಬೈಗುಳ ಬರುತ್ತದೆ ಎಂದು ಪದರಕ್ಕ ಕಾದಳು.

"ಜಾಡಿಯಲ್ಲಿ ಉಳಿದಿದ್ಯಾ?"

"ಅರ್ಧಕ್ಕಿಂತ ಜಾಸ್ತಿ ಇದೆ. ಅದಕ್ಕೆ ಆಮ್ಲ ಮುಟ್ಟಿಸಿಲ್ಲ."

"ಮತ್ತೆ ಮುಖ ಏನು ನೋಡ್ತಿದ್ದೀರಾ? ಹಿಮದ ಯಂತ್ರ ಹಾಕಿ!"

ಮೇಣಕ್ಕೆ ಹಾಕಿದರೆ ಒಂದು ದಿನ ಬೇಕು. ಅವಸರದ ಕೆಲಸಕ್ಕೆ ಚೂರನ್ನು ಹಿಮಗಟ್ಟಿಸಿ ಕತ್ತರಿಸುವ ಒಂದು ಯಂತ್ರ ಮೂಲೆಯಲ್ಲಿತ್ತು. ಪದರಕ್ಕನಿಗೆ ಅದನ್ನು ಕಂಡರಾಗದು. ಅದರ ಪದರಗಳು ದಪ್ಪ, ಒರಟು, ಬೆವರುತ್ತವೆ. ಆವತ್ತು ಅದರ ಮುಂದೆ ಕೂತು ಜಾಡಿಯಿಂದ ಮೂತ್ರಪಿಂಡದ ಚೂರು ತೆಗೆದು, ನೀರಲ್ಲಿ ತೊಳೆದು, ತಟ್ಟೆಗೆ ಅಂಟಿಸಿ ಹಿಮಗಟ್ಟಿಸಿದಳು. ಹಿಡಿ ತಿರುಗಿಸಿದಳು. ಕಿರ್ರ್. ಬ್ಲೇಡು ಹಲ್ಲು ಕಡಿಯಿತು. ಪದರ ಮೂರು ಕಡೆ ಹರಿದು, ಜರಡಿಯ ಹಾಗೆ ತೂತು ಬಿದ್ದು, ಒಂದು ಅಂಚು ಸುರುಳಿ ಸುತ್ತಿಕೊಂಡು ಬಂತು. ತನ್ನ ಆಯುಸ್ಸಿನಲ್ಲೇ ಇಷ್ಟು ಕೆಟ್ಟ ಪದರ ಅವಳು ಕತ್ತರಿಸಿರಲಿಲ್ಲ. ಸರಿ ಮಾಡಲು ಬೆರಳು ತುರಿಸಿತು. ಮುಟ್ಟಲಿಲ್ಲ. ಹಾಗೇ ಗಾಜಿಗೆ ಹತ್ತಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು.

ಡಾಕ್ಟರಮ್ಮ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎರಡು ಕಪ್ಪು ಗಾಜುಗಳನ್ನು ಹೊರಗೆ ತೆಗೆದರು. ಒಂದನ್ನು ದೀಪದ ಮೇಲೆ, ಇನ್ನೊಂದನ್ನು ಕಣ್ಣಿನ ಕೊಳವೆಯ ಕೆಳಗೆ ಸಿಕ್ಕಿಸಿದರು. ಮೇಲಿನದನ್ನು ನಿಧಾನವಾಗಿ ತಿರುಗಿಸಿದರು. ಒಂದು ಹಂತಕ್ಕೆ ಬಂದಾಗ ಎರಡು ಗಾಜೂ ಸೇರಿ ಬೆಳಕನ್ನೆಲ್ಲ ಮುಚ್ಚಿಬಿಡುತ್ತವೆ, ಅಂಗದ ಮಾಂಸ ಕಾಣುವುದಿಲ್ಲ, ಬಣ್ಣ ಕಾಣುವುದಿಲ್ಲ. ಬೆಳಕನ್ನು ತಿರುಚುವ ಗುಣ ಯಾವುದಕ್ಕಿದೆಯೋ ಅದು ಮಾತ್ರ ಕಾಣುತ್ತದೆ, ಇದ್ದರೆ.

ಡಾಕ್ಟರಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಕುರ್ಚಿಯಿಂದ ಎದ್ದು, ಪದರಕ್ಕನ ಭುಜ ಹಿಡಿದು ಅಲ್ಲಿ ಕೂರಿಸಿದರು.

ಪದರಕ್ಕ ಕಣ್ಣಿಟ್ಟಳು. ಮೊದಲು ಬರೀ ಕಪ್ಪು. ಆಮೇಲೆ ಕಣ್ಣು ಹೊಂದಿಕೊಂಡಿತು. ಆ ಕಪ್ಪಿನ ತುಂಬ, ಅಂಚಿನಿಂದ ಅಂಚಿಗೆ, ಬೆಳಕು. ಒಂದು ಎರಡಲ್ಲ, ಸಾವಿರ. ಬೀಸಣಿಗೆ ಬಿಚ್ಚಿದ ಹಾಗೆ ಕೆಲವು, ಹೂವಿನೆಸಳಿನ ಹಾಗೆ ಸುತ್ತ ಹರಡಿದವು ಕೆಲವು, ಒಡೆದ ಗಾಜಿನ ಚೂರಿನ ಹಾಗೆ ಕೆಲವು. ಬಿಳಿ, ಚಿನ್ನದ ಬಣ್ಣ, ಅಂಚಿನಲ್ಲಿ ತೆಳು ನೀಲಿ. ಡಾಕ್ಟರಮ್ಮ ಹಿಂದಿನಿಂದ ಕೈ ಚಾಚಿ ಗಾಜನ್ನು ಸ್ವಲ್ಪ ತಿರುಗಿಸಿದರು. ಉರಿಯುತ್ತಿದ್ದವು ಆರಿದವು, ಆರಿದ್ದವು ಹತ್ತಿಕೊಂಡವು. ಅವಳು ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಾವಿರ ಮೂತ್ರಪಿಂಡಗಳನ್ನು ಕತ್ತರಿಸಿದ್ದಳು. ಅದರ ಒಳಗೆ ಹೀಗೊಂದು ಆಕಾಶ ಹಿಡಿಸೀತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಇದು ಏನು ಡಾಕ್ಟರಮ್ಮ?" ಎಂದಳು, ಕಣ್ಣು ಕೀಳದೆ. ಅವಳ ದನಿ ತಗ್ಗಿಹೋಗಿತ್ತು.

"ಎಲೆಯ ಹುಳಿ, ರಕ್ತದ ಸುಣ್ಣ. ಎರಡೂ ಸೇರಿದ ಕೂಡಲೇ ಹರಳು. ಹುಳಿಕಳೆ ತುಂಬ ಅದೇ ಹುಳಿ. ಅದು ರಕ್ತಕ್ಕೆ ಇಳಿದು ಅಲ್ಲಿನ ಸುಣ್ಣವನ್ನೆಲ್ಲ ಹಿಡಿದುಕೊಂಡುಬಿಡುತ್ತೆ. ಸುಣ್ಣ ಇಲ್ಲದೆ ಮಾಂಸಖಂಡ ಕೆಲಸ ಮಾಡಲ್ಲ, ಅದಕ್ಕೇ ನಡುಕ, ಅದಕ್ಕೇ ಬಿದ್ದದ್ದು. ಹರಳುಗಳು ಕಿಡ್ನಿಯ ನಾಳದಲ್ಲಿ ಬಂದು ಸಿಕ್ಕಿಕೊಳ್ತವೆ."

"ಎಷ್ಟು ದಿನದಲ್ಲಿ ಆಗಿದ್ದು ಇದು?"

"ದಿನ ಎಲ್ಲಿ ಬಂತು? ಬೆಳಿಗ್ಗೆ ಮೇಯ್ದಿದ್ದು, ಸಂಜೆಗೆ ಸತ್ತಿದ್ದು. ಕೆಲವೇ ಗಂಟೆ."

ಕೆಲವೇ ಗಂಟೆ. ಪದರಕ್ಕ ಮತ್ತೆ ಕಣ್ಣಿಟ್ಟಳು. ಇದನ್ನು ಕಲ್ಲುಕುಟಿಗರು ಕೂತು ಕೆತ್ತಿದರೆ ಎಷ್ಟು ತಲೆಮಾರು ಬೇಕಾದೀತು! ಒಂದು ಕುರಿ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಅದರ ಹೊಟ್ಟೆಯ ಕತ್ತಲಲ್ಲಿ ಸದ್ದಿಲ್ಲದೆ ಕಟ್ಟಿಬಿಟ್ಟಿದೆ. ಕೊಲ್ಲುವುದಕ್ಕೆ ಇಷ್ಟು ಚೆಂದ ಯಾಕೆ ಬೇಕಿತ್ತು? ಆ ಪ್ರಶ್ನೆಗೆ ಉತ್ತರವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಳದೆ ಇರಲಾಗಲಿಲ್ಲ. ಕೈ ಜೋಡಿಸಬೇಕೋ ಹೆದರಬೇಕೋ ತಿಳಿಯದೆ ಮಂಡಿಯ ಮೇಲೆ ಅಂಗೈ ಒತ್ತಿಕೊಂಡು ಕೂತಳು.

"ಪುಸ್ತಕದಲ್ಲಿ ಬರೀತೀನಿ" ಎಂದಳು ಕೊನೆಗೆ. "ಆಮ್ಲ ಹಾಕಿದ್ದು."

"ಬರೀರಿ. ಮೊದಲು ಅವಳನ್ನ ಕರೀರಿ."

ಕುರಿಯವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಬೇಡ, ಹಾಕ್ಕೋ, ಇಲ್ಲಿ ಗಾಜಿನ ಚೂರು ಬಿದ್ದಿರುತ್ತೆ ಎಂದರೂ ಕೇಳಲಿಲ್ಲ. ಕೊಳವೆಗೆ ಒಂದು ಕಣ್ಣಿಟ್ಟು ಇನ್ನೊಂದನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಅವಳ ಬಾಯಿ ಸ್ವಲ್ಪ ತೆರೆಯಿತು.

"ಇದು ನನ್ನ ಕುರಿ ಒಳಗಾ?"

"ಹೌದು."

"ಎಲ್ಲಾ ಕುರಿ ಒಳಗೂ ಇರುತ್ತಾ?"

"ಇಲ್ಲ. ಇದು ಆ ಗಿಡ ಮಾಡಿದ್ದು" ಎಂದರು ಡಾಕ್ಟರಮ್ಮ. "ಬಕೆಟ್ಟು ನೀನು ಮೂರು ಸಲ ತೊಳೆದೆಯೋ, ತೊಳೆಯಲೇ ಇಲ್ವೋ, ನಂಗೆ ಗೊತ್ತಿಲ್ಲ. ಆದ್ರೆ ಹುಳದೌಷಧಿ ಈ ಹರಳು ಕಟ್ಟಲ್ಲ. ಗಿಡ ಅಂತಾನೇ ಬರೀತೀನಿ."

ಕುರಿಯವಳು ಕಣ್ಣು ತೆಗೆಯಲಿಲ್ಲ. ಅವಳ ಭುಜ ಒಂದು ಸಲ ಅಲುಗಿತು, ಎರಡು ಸಲ ಅಲುಗಿತು. ಕೊಳವೆಯ ಅಂಚು ಒದ್ದೆಯಾಯಿತು. ಪದರಕ್ಕ ಒರೆಸುವ ಕಾಗದ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾದಳು, ಕೊಡಲಿಲ್ಲ. ಇನ್ನೂ ಸ್ವಲ್ಪ ನೋಡಲಿ.

ಮೂರು ಗಂಟೆಗೆ ಬಾವ ಬಂದ. ಅಗಲ ಎದೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ನಮಸ್ಕಾರ ಮುಗಿಸಿ, ವರದಿಯ ಕಾಗದ ಓದಿದ. ತಲೆ ಕೆರೆದುಕೊಂಡ.

"ಗಿಡ ಅಂತೀರಲ್ಲ ಮೇಡಂ. ಪಕ್ಕದ ಮನೆಯವರ ಕುರಿ ದಿನಾ ಅದೇ ಗುಡ್ಡದಲ್ಲಿ ಮೇಯುತ್ತಲ್ಲ. ಅವಕ್ಕೇನು ಕಬ್ಬಿಣದ ಕಿಡ್ನೀನಾ?"

"ನೀವೇ ನೋಡಿ ಮೊದಲು."

ಅವನು ಹುಡುಗಾಟ ಎಂಬಂತೆ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. ಅವನ ದೊಡ್ಡ ಕೈಗಳು ಮೇಜಿನ ಎರಡು ಅಂಚನ್ನು ಹಿಡಿದುಕೊಂಡವು. 

"ದಿನಾ ಸ್ವಲ್ಪ ಸ್ವಲ್ಪ ತಿನ್ನೋ ಕುರಿ ಹೊಟ್ಟೇಲಿ ಆ ಹುಳೀನೇ ತಿಂದು ಬದುಕೋ ಸಣ್ಣ ಜೀವಿಗಳು ಬೆಳೆದಿರ್ತವೆ" ಎಂದರು ಡಾಕ್ಟರಮ್ಮ ಅವನ ಬೆನ್ನಿಗೆ. "ಕಣ್ಣಿಗೆ ಕಾಣಲ್ಲ, ಕೋಟಿಗಟ್ಟಲೆ. ಹುಳಿ ರಕ್ತಕ್ಕೆ ಇಳಿಯೋ ಮುಂಚೆ ಅವೇ ಮುಗಿಸಿಬಿಡ್ತವೆ. ಜೊತೆಗೆ ಹೊಟ್ಟೆ ತುಂಬಿರೋ ಕುರಿ ಅಲ್ಲೊಂದು ಇಲ್ಲೊಂದು ಎಲೆ ಕಚ್ಚುತ್ತೆ ಅಷ್ಟೆ. ಹಸಿದ ಕುರಿ ಸಿಕ್ಕಿದ್ದನ್ನೆಲ್ಲ ಒಂದೇ ಸಲ ತುಂಬಿಕೊಳ್ಳುತ್ತೆ. ಹಸಿದ ಹೊಟ್ಟೇಲಿ ಆ ಜೀವಿಗಳೂ ಸೊರಗಿರ್ತವೆ. ನಿಮ್ಮ ಕುರಿಗಳು ಹಸಿದಿದ್ವಾ?"

ಬಾವ ತಲೆ ಎತ್ತಲಿಲ್ಲ.

ಪದರಕ್ಕ ಕುರಿಯವಳ ಕಡೆ ನೋಡಿದಳು. ಕುರಿಯವಳು ನೆಲ ನೋಡುತ್ತಿದ್ದಳು. ಹೇಳಬಹುದಿತ್ತು. ಹೇಳಲಿಲ್ಲ.

"ಉಣ್ಣೆ ಕತ್ತರಿಸೋಕೆ ಮುಂಚೆ ಮೇವು ಕೊಡಬಾರದು" ಎಂದ ಬಾವ, ಕೊಳವೆಯೊಳಗೇ ಮಾತಾಡುವವನ ಹಾಗೆ. "ಹೊಟ್ಟೆ ತುಂಬಿದ್ರೆ ಅಂಗಾತ ಮಲಗಿಸಿದಾಗ ಒದ್ದಾಡ್ತವೆ. ಶನಿವಾರ ಬೆಳಿಗ್ಗೆ ಬರ್ತೀವಿ ಅಂದಿದ್ರು, ಅದಕ್ಕೆ ಶುಕ್ರವಾರ ಸಂಜೇನೇ ದೊಡ್ಡೀಲಿ ಕೂಡಿಸಿ ಮೇವು ನಿಲ್ಲಿಸಿದೆ. ಅವರು ಬಂದಿದ್ದು ಭಾನುವಾರ ಸಂಜೆ." ಒಂದು ಉಸಿರು ಬಿಟ್ಟ. "ಇವಳು ಶನಿವಾರ ರಾತ್ರಿ ಕೇಳಿದ್ಲು, ಒಂದು ಹಿಡಿ ಹುಲ್ಲಾದ್ರೂ ಹಾಕ್ಲಾ ಅಂತ. ನಾನೇ ಬೇಡ ಅಂದೆ. ಗದರಿಸಿದೆ."

 ಅವನು ಮೆಲ್ಲಗೆ ನೆಟ್ಟಗಾದ. ಮುಖ ಸಣ್ಣದಾಗಿತ್ತು. ತಮ್ಮನ ಹೆಂಡತಿಯ ಕಡೆ ತಿರುಗಿದ. ಅಂಗಿಯ ಗುಂಡಿಯನ್ನೇ ತಿರುವುತ್ತ, "ನೋಡಿದೆಯಾ ಅದನ್ನ?" ಎಂದು ಮಾತ್ರ ಕೇಳಿದ.

"ನೋಡಿದೆ ಬಾವ."

"ಮೂವತ್ತೊಂದರಲ್ಲೂ ಹೀಗೇ..."

"ಹೀಗೇ ಇತ್ತೇನೋ."

ಅವನು ಮತ್ತೊಮ್ಮೆ ಸೂಕ್ಷ್ಮದರ್ಶಕದ ಕಡೆ ನೋಡಿದ, ಆದರೆ ಬಗ್ಗಲಿಲ್ಲ. "ನಾಳೆಯಿಂದ ನೀನೇ ಬಿಡು ಮಂದೇನ" ಎಂದ. "ನಿನ್ನಿಷ್ಟ. ಎಲ್ಲಿ ಬೇಕಾದ್ರೂ ಹೊಡ್ಕೊಂಡು ಹೋಗು."

ಕುರಿಯವಳು ತಲೆ ಎತ್ತಿದಳು. ಕಣ್ಣು ಇನ್ನೂ ಕೆಂಪಗಿತ್ತು, ಆದರೆ ಗುಮಾಸ್ತನ ಬಾಯಿ ಕಟ್ಟಿಸಿದ ದನಿ ವಾಪಸು ಬಂದಿತ್ತು.

"ನಾಳೆ ಬಿಡಲ್ಲ ಬಾವ. ಇವತ್ತೇ ಮನೆಗೆ ಫೋನು ಮಾಡಿ. ಒಣಹುಲ್ಲು ಹಾಕೋಕೆ ಹೇಳಿ, ಇವತ್ತು, ನಾಳೆ, ನಾಡಿದ್ದು. ನೀರು ಬೇರೆ ಕೊಡದಲ್ಲಿ. ಹೊಟ್ಟೆ ಗಟ್ಟಿಯಾದ ಮೇಲೆ ನಾನು ಮುಟ್ಟಿ ನೋಡಿ ಬಿಡ್ತೀನಿ. ಮುಂದಿನ ಸಲ ಉಣ್ಣೆಯವರು ಒಂದು ಹೊತ್ತು ತಡ ಮಾಡಿದ್ರೆ ಮೇವು ಹಾಕಿಬಿಡ್ತೀನಿ, ಅವರು ಬಂದು ಬೈದ್ರೆ ನೀವು ಬೈಸಿಕೊಳ್ಳಿ."

"ಆಯ್ತು" ಎಂದ ಬಾವ. ಫೋನು ತೆಗೆದು ವರಾಂಡಕ್ಕೆ ಹೋದ. ಅವನು ಹೆಂಡತಿಗೆ ಹೇಳುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು. "ಒಣಹುಲ್ಲು. ಹೌದು, ಈಗಲೇ. ಎಷ್ಟು ಅಂತ ನಂಗೇನು ಗೊತ್ತು, ತಡಿ, ಕೇಳಿ ಹೇಳ್ತೀನಿ." ಬಾಗಿಲಲ್ಲಿ ಅವನ ತಲೆ ಕಾಣಿಸಿತು. "ಒಂದೊಂದಕ್ಕೆ ಎಷ್ಟು ಹಾಕಬೇಕಂತೆ?"

"ಒಂದು ತೋಳು ತುಂಬ" ಎಂದಳು ಕುರಿಯವಳು, ತನ್ನ ತೋಳನ್ನು ಮಡಿಸಿ ತೋರಿಸುತ್ತ. "ನಿಮ್ಮ ತೋಳಲ್ಲ ಬಾವ. ನನ್ನ ತೋಳು."